ದೂರದ ನಾಡಿನಲ್ಲಿ ಅಗಲಿದ ಒಡಹುಟ್ಟು

ಗಲ್ಫ್ ನಾಡಿಗೋ ಅಮೆರಿಕಕ್ಕೋ ದುಡಿಯಲು ಹೋದವರು ಮೈಸೂರಿನ ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳಲ್ಲಿದ್ದಾರೆ. ಅವರಲ್ಲೊಬ್ಬರು ಅಲ್ಲಿಯೇ ತೀರಿಕೊಂಡರೆ ನಮ್ಮ ಸಂತಾಪವೆಲ್ಲ ಹೆತ್ತವರಿಗೆ, ಮಡದಿ ಮಕ್ಕಳಿಗೆ ಸಲ್ಲುತ್ತದೆ. ಒಡಹುಟ್ಟಿದವರ ಪಾಲಿಗೆ ಬರುವುದು ಕಾಗದಪತ್ರಗಳ ಓಡಾಟ, ತಾಯಿಗೆ ಸುದ್ದಿ ತಿಳಿಸುವ ಹೊಣೆ. ‘ಎಷ್ಟೋ ವರ್ಷದಿಂದ ದೂರವೇ ಇದ್ದನಲ್ಲ’ ಎನ್ನುವವರೂ ಉಂಟು. ಸಲ್ಲದ ಮಾತದು. ಮರಳಿ ಬರುವನೆಂಬ ನಿರೀಕ್ಷೆಯೇ ಆ ನಂಟಿನ ಉಸಿರು. ಅದೂ ಅಂದೇ ನಿಲ್ಲುತ್ತದೆ.

2024ರ ಜೂನ್ 12ರ ಕುವೈತ್ ಅಗ್ನಿದುರಂತದಲ್ಲಿ ಮಡಿದ 45 ಭಾರತೀಯರ ಪಾರ್ಥಿವ ಶರೀರಗಳು ಎರಡೇ ದಿನಗಳಲ್ಲಿ ತಾಯ್ನಾಡು ತಲುಪಿದವು. ಎಲ್ಲರಿಗೂ ಅಷ್ಟು ಬೇಗ ಮುಖದರ್ಶನ ದೊರೆಯದು. ಹಿಡಿ ಮಣ್ಣು ಹಾಕದ ಮನಸ್ಸು ಸಾವನ್ನು ನಂಬಲೊಲ್ಲದು.

ಆಫ್ರಿಕದಿಂದ ಮರಳಿದ ಸ್ವಲ್ಪ ಕಾಲದಲ್ಲೇ ಮಡಿದ ಸಹೋದರ ಸ್ಯಾಟಿರಸರಿಗಾಗಿ ಮಿಲಾನಿನ ಧರ್ಮಾಧ್ಯಕ್ಷ ಸಂತ ಆಂಬ್ರೋಸರು ಎಲ್ಲರೆದುರು ಅತ್ತರು. ಪುನರುತ್ಥಾನವನ್ನು ಕುರಿತು ವಿಸ್ತಾರವಾಗಿ ಬೋಧಿಸಿದ್ದು ಏಳನೆಯ ದಿನ, ಸಮಾಧಿಗೆ ಮರಳಿದಾಗ. ಮೊದಲ ದಿನವೇ ತತ್ತ್ವ ಹೇಳುವ ಆತುರ ಬಂಧುಗಳಿಗೇಕೆ?

ಮರಣದ ಸುದ್ದಿ ತಲುಪಿದಾಗಲೇ ಅರ್ಪಿಸುವ ಬಲಿಪೂಜೆಗೆ ಧರ್ಮಸಭೆಯ ಪೂಜಾವಿಧಿಯಲ್ಲಿ ಅವಕಾಶವಿದೆ. ಶವಪೆಟ್ಟಿಗೆ ಬರುವವರೆಗೆ ಕಾಯಬೇಕಿಲ್ಲ. ಗುರುಗಳಿಗೆ ತಿಳಿಸಿರಿ. ಅಂದು ಕಾಣಿಕೆಗಳನ್ನು ಪೀಠದ ಬಳಿಗೆ ಅಣ್ಣನೋ ತಂಗಿಯೋ ತರಲಿ. ನವೆಂಬರ್ 2ರಂದು ಹೆತ್ತವರ ಸಮಾಧಿಯ ಬಳಿ ಅವನ ಹೆಸರಿನಲ್ಲೂ ಒಂದು ಮೇಣದಬತ್ತಿ ಉರಿಯಲಿ.