ಸಜ್ಜನರಿಗೂ ಬೇಕು ನಿಯಮಾವಳಿ

ನಮ್ಮ ಹಾರೂಗೇರಿಯ ಸೀಮೆಯಲ್ಲಿ ಶಿಕ್ಷಣ ಸಂಸ್ಥೆಯಾಗಲಿ, ದಾಸೋಹ ಸಮಿತಿಯಾಗಲಿ, ತರುಣ ಮಂಡಳಿಯಾಗಲಿ ಪ್ರಾಯಶಃ ಒಬ್ಬ ಹಿರಿಯರ ಮಾತಿನ ಮೇಲೆಯೇ ಹುಟ್ಟುತ್ತದೆ. ಅವರು ಕೇಳಿದರೆಂಬ ಒಂದೇ ಕಾರಣಕ್ಕೆ ಒಬ್ಬರು ಹೊಲದ ಮೂಲೆಯನ್ನು ಬಿಟ್ಟುಕೊಡುತ್ತಾರೆ. ಮತ್ತೊಬ್ಬರು ಕಬ್ಬಿನ ಬಿಲ್ಲು ಕೈಸೇರಿದೊಡನೆ ದೇಣಿಗೆಯನ್ನು ತಂದೊಪ್ಪಿಸುತ್ತಾರೆ. ಪಾವತಿ ಕೇಳುವುದಕ್ಕೆ ಇಬ್ಬರಿಗೂ ಸಂಕೋಚ. ಈ ವಿಶ್ವಾಸವು ನಮ್ಮ ನಾಡಿನ ನಿಜವಾದ ಸಂಪತ್ತು. ಆದರೆ ಅದೇ ವಿಶ್ವಾಸವನ್ನು ಮುಂದಿಟ್ಟುಕೊಂಡು, ನಮ್ಮ ನಮ್ಮಲ್ಲಿ ನಿಯಮವೇತಕ್ಕೆ, ಲೆಕ್ಕವೇತಕ್ಕೆ ಎಂದು ಕೇಳುವ ರೂಢಿಯನ್ನು ಮಾತ್ರ ನಾನು ಒಪ್ಪಲಾರೆ. ಸೇವಾಸಂಸ್ಥೆಗಳಿಗೆ ಒದಗುವ ವಿಪತ್ತು ಕಳ್ಳರಿಂದಲೇ ಬರಬೇಕೆಂದಿಲ್ಲ. ಸಜ್ಜನರ ಮರಣದಿಂದ, ಸಜ್ಜನರ ನಡುವಣ ಭಿನ್ನಾಭಿಪ್ರಾಯದಿಂದ, ಹೊಳೆಯ ಮಹಾಪೂರದಿಂದಲೂ ಬರುತ್ತದೆ.

ಇದಕ್ಕೆ ಪುಣೆಯ ದೃಷ್ಟಾಂತವು ಸ್ಮರಣಾರ್ಹವಾದುದು. 1884ರಲ್ಲಿ ಸ್ಥಾಪಿತವಾದ ಡೆಕ್ಕನ್ ಎಜುಕೇಶನ್ ಸೊಸೈಟಿಯಲ್ಲಿ ತಿಲಕ, ಆಗರಕರ, ಅನಂತರ ಗೋಖಲೆ ಮೊದಲಾದವರು ಅಲ್ಪ ವೇತನಕ್ಕೆ ಆಜೀವ ಸದಸ್ಯರಾಗಿ ದುಡಿದರು. ಆಜೀವ ಸದಸ್ಯನು ಹೊರಗಿನ ಕಾರ್ಯವನ್ನು ಕೈಕೊಳ್ಳಬಹುದೆ, ಹೊರಗಿನ ಗಳಿಕೆಯು ಯಾರಿಗೆ ಸಲ್ಲತಕ್ಕದ್ದು ಎಂಬ ಪ್ರಶ್ನೆಯು ಅವರೊಳಗೆ ವರ್ಷಗಟ್ಟಲೆ ಹೊಗೆಯಾಡಿ, ಗೋಖಲೆಯವರು ‘ಸಾರ್ವಜನಿಕ ಸಭಾ’ ಎಂಬ ಸಂಸ್ಥೆಯ ಕಾರ್ಯದರ್ಶಿತ್ವವನ್ನು ಒಪ್ಪಿಕೊಂಡಾಗ ಹೊತ್ತಿಕೊಂಡಿತು. 1890ರಲ್ಲಿ ತಿಲಕರು ಸುದೀರ್ಘವಾದ ರಾಜೀನಾಮೆಯನ್ನು ಬರೆದು ಹೊರನಡೆದರು. ಅವರಲ್ಲಿ ಯಾರ ಪ್ರಾಮಾಣಿಕತೆಯನ್ನು ನಾವು ಶಂಕಿಸಬಲ್ಲೆವು? ಅಂಥವರ ನಡುವೆಯೇ ವಿವಾದವು ಆ ಮಟ್ಟಕ್ಕೆ ಹೋಯಿತೆಂದ ಮೇಲೆ, ಕಾರ್ಯಕಾರಿ ಮಂಡಳಿಯ ಸದಸ್ಯನ ಅಂಗಡಿಯಿಂದಲೇ ಶಾಲೆಗೆ ಸಿಮೆಂಟು ಕೊಳ್ಳಬಹುದೆ, ಅಧ್ಯಕ್ಷರ ಅಳಿಯನನ್ನು ಶಿಕ್ಷಕನನ್ನಾಗಿ ನೇಮಿಸಬಹುದೆ ಎಂಬುದನ್ನು ನಾವು ಮೊದಲೇ ಬರೆದಿಡದೆ ಇರುವುದು ಯಾವ ಧೈರ್ಯದಿಂದ?

ನಮ್ಮ ಜಿಲ್ಲೆಯ ಹಿರಿಯರು ಬರೆದಿಡುವುದರ ಬೆಲೆಯನ್ನು ಬಲ್ಲವರಾಗಿದ್ದರು. ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ವಿದ್ಯಾಪ್ರಸಾರಕ್ಕೆಂದು ಮೃತ್ಯುಪತ್ರದಲ್ಲಿ ನಮೂದಿಸಿಯೇ 1906ರಲ್ಲಿ ಕಣ್ಮುಚ್ಚಿದರು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದವರೂ ಆಜೀವ ಸದಸ್ಯತ್ವದ ಕಟ್ಟುಪಾಡನ್ನು ತಮಗೆ ತಾವೇ ವಿಧಿಸಿಕೊಂಡರು. 1933ರಲ್ಲಿ ಆ ಸಂಸ್ಥೆಯು ತೆರೆದ ಕಾಲೇಜಿಗೆ ಲಿಂಗರಾಜರ ಹೆಸರೇ ಬಂದಿತು.

2019ರ ಆಗಸ್ಟಿನಲ್ಲಿ ಕೃಷ್ಣೆಯು ದಡ ಮೀರಿ ರಾಯಬಾಗ, ಅಥಣಿ, ಚಿಕ್ಕೋಡಿ, ಕಾಗವಾಡ ತಾಲೂಕುಗಳ ನದೀತೀರದ ಊರುಗಳನ್ನು ಮುಳುಗಿಸಿದಾಗ, ನಾಡಿನ ನಾನಾ ಮೂಲೆಗಳಿಂದ ರೊಟ್ಟಿ, ಹೊದಿಕೆ, ಔಷಧಗಳನ್ನು ಹೊತ್ತ ವಾಹನಗಳು ಬಂದುವು. ಮಠಗಳೂ ಶಾಲೆಗಳೂ ಗಂಜಿ ಕೇಂದ್ರಗಳಾದುವು. ಅಂತಹ ಔದಾರ್ಯವನ್ನು ಕಂಡ ಕಣ್ಣುಗಳು ಧನ್ಯ. ಆದರೂ ದೊಡ್ಡ ರಸ್ತೆಗೆ ಹೊಂದಿದ ಊರಿಗೆ ಎರಡೆರಡು ಬಾರಿ ಸಂದ ಪದಾರ್ಥವು ಒಳಗಿನ ತೋಟಪಟ್ಟಿಯ ವಸತಿಗಳಿಗೆ ಮುಟ್ಟದೆ ಹೋದುದುಂಟು. ಸಂಘದ ಹೆಸರಿನಲ್ಲಿ ಎತ್ತಿದ ಪಟ್ಟಿಯ ಹಣವು ಅವಸರದಲ್ಲಿ ಯಾರದೋ ಸ್ವಂತ ಖಾತೆಗೆ ಜಮೆಯಾದುದೂ ಉಂಟು. ಬಂದ ದಿನ, ಕೊಟ್ಟವರ ಹೆಸರು, ಪದಾರ್ಥದ ಪ್ರಮಾಣ, ಪಡೆದ ಮನೆ, ಪಡೆದವರ ಸಹಿ ಅಥವಾ ಹೆಬ್ಬೆಟ್ಟು, ಇಷ್ಟನ್ನು ಗೆರೆ ಹೊಡೆದು ಬರೆದುಕೊಳ್ಳುವ ಒಂದು ಸಾದಾ ಪುಸ್ತಕವನ್ನು ಮಳೆಗಾಲಕ್ಕೆ ಮುಂಚೆಯೇ ಸಿದ್ಧಪಡಿಸಿಟ್ಟಿದ್ದರೆ, ರಾತ್ರಿಯಿಡೀ ನೀರಿನಲ್ಲಿ ನಿಂತು ದುಡಿದ ತರುಣನು ನೀರಿಳಿದ ಮೇಲೆ ಕಟ್ಟೆಯ ಮೇಲಿನ ಗುಸುಗುಸುವಿಗೆ ಉತ್ತರ ಕೊಡಲಾರದೆ ತಲೆ ತಗ್ಗಿಸಬೇಕಾಗುತ್ತಿರಲಿಲ್ಲ. ಅವನಿಗಾಗುವ ಆ ಅನ್ಯಾಯವೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುತ್ತದೆ. 2021ರಲ್ಲಿ ಹೊಳೆಯು ಮತ್ತೆ ಬಂದಿತು, ಮುಂದೆಯೂ ಬರುವುದು.

ಕಾಯಿದೆಯು ಕೇಳುವುದು ಅಲ್ಪವೇ ಸರಿ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಂತೆ ಏಳು ಮಂದಿ ಕೂಡಿದರೆ ಸಂಘವಾಯಿತು. ವರುಷಕ್ಕೊಮ್ಮೆ ಸರ್ವಸಾಧಾರಣ ಸಭೆ ಸೇರಿ, ಲೆಕ್ಕಪತ್ರವನ್ನೂ ಆಡಳಿತ ಮಂಡಳಿಯ ಯಾದಿಯನ್ನೂ ನೋಂದಣಾಧಿಕಾರಿಗೆ ಕಳುಹಿಸಬೇಕು. ಹತ್ತು ಮಂದಿ ಅಥವಾ ಅದಕ್ಕೂ ಹೆಚ್ಚು ನೌಕರರುಳ್ಳಲ್ಲಿ ಲೈಂಗಿಕ ಕಿರುಕುಳದ ಬಗೆಗೆ ಹೆಣ್ಣುಮಕ್ಕಳ ದೂರನ್ನು ಕೇಳುವ ಆಂತರಿಕ ಸಮಿತಿಯಿರಬೇಕೆಂದು 2013ರ ಕಾಯಿದೆಯು ವಿಧಿಸುತ್ತದೆ. ಈ ಸಮಿತಿಯನ್ನು ಫಲಕಕ್ಕಷ್ಟೇ ಮೀಸಲಿಡುವ ಸಂಸ್ಥೆಗಳು ತಮ್ಮ ಶಿಕ್ಷಕಿಯರಿಗೆ ದ್ರೋಹ ಬಗೆಯುತ್ತಿವೆಯೆಂದೇ ಹೇಳಬೇಕು.

ಕಾಯಿದೆ ಕೇಳದಿದ್ದರೂ ಸಂಸ್ಥೆಯು ತಾನಾಗಿ ನಿಶ್ಚಯಿಸಿಕೊಳ್ಳಬೇಕಾದವು ಬೇರೆಯೇ ಇವೆ. ಚೆಕ್ಕಿಗೆ ಇಬ್ಬರ ಸಹಿ. ಕೈಶಿಲ್ಕಿಗೆ ಒಂದು ಮಿತಿ. ತನ್ನವರ ವಿಷಯವು ಚರ್ಚೆಗೆ ಬಂದಾಗ ಸದಸ್ಯನು ಸಭೆಯಿಂದ ಎದ್ದುಹೋಗುವ ಕಟ್ಟಳೆ. ಠರಾವು ಪುಸ್ತಕದ ಮತ್ತು ಜಮೀನಿನ ಕಾಗದಗಳ ಪ್ರತಿಗಳನ್ನು ನೀರು ಮುಟ್ಟದ ಬೇರೊಂದು ಊರಿನಲ್ಲಿ ಇರಿಸುವ ಏರ್ಪಾಡು. ಇಪ್ಪತ್ತು ವರುಷಗಳಿಂದ ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡಿರುವ ಕಾರ್ಯದರ್ಶಿಯ ತರುವಾಯ ಅಧಿಕಾರವು ಯಾರಿಗೆ, ಯಾವ ಕ್ರಮದಲ್ಲಿ ಸಲ್ಲತಕ್ಕದ್ದೆಂಬ ನಿರ್ಣಯ. ಈ ಕೊನೆಯದನ್ನು ಎತ್ತಲು ಎಲ್ಲರೂ ಹಿಂಜರಿಯುತ್ತಾರೆ. ಆದುದರಿಂದ ಆ ಹಿರಿಯರೇ, ತಾವು ಗಟ್ಟಿಮುಟ್ಟಾಗಿರುವಾಗಲೇ, ಜೂನ್ ತಿಂಗಳೊಳಗೆ ಸಭೆ ಕರೆದು, ತಮ್ಮ ಕೈಯಾರೆ ಈ ಠರಾವನ್ನು ಮಂಡಿಸಲೆಂದು ಬೇಡುತ್ತೇನೆ.