ಮಕ್ಕಳ ಪ್ರಶ್ನೆಗೆ ಉತ್ತರವೆಲ್ಲಿ?

ಇಂದಿನ ಹುಡುಗರಿಗೆ ಊರಿನ ಚಿಂತೆಯೇ ಇಲ್ಲವೆಂಬ ದೂರು ಹಿರಿಯರ ಬಾಯಲ್ಲಿ ನಿತ್ಯವೂ ಕೇಳಿಬರುತ್ತಿರುವದು. ಇದನ್ನು ನಾವು ಅರ್ಧಮಾತ್ರ ಒಪ್ಪುವೆವು. ಊರಿನ ಕೆಲಸದಲ್ಲಿ ಪಾಲು ಕೊಡದೆ ಊರಿನ ಚಿಂತೆಯನ್ನು ಮಾತ್ರ ಅಪೇಕ್ಷಿಸುವದು ಯಾವ ನ್ಯಾಯ?

1942ರ ಚಳವಳಿಯಲ್ಲಿ ಹುಬ್ಬಳ್ಳಿಯ ಬಾಲಕ ನಾರಾಯಣ ಡೋಣಿಯು ಪೋಲೀಸರ ಗುಂಡಿಗೆ ಬಲಿಯಾದನು. ಆತನನ್ನು ನೆನೆದಾಗ ನಮ್ಮ ಕಂಠವು ಗದ್ಗದವಾಗುವದು. ಆದರೆ ಅದೇ ವಯಸ್ಸಿನ ಹುಡುಗನೊಬ್ಬನು ಎದ್ದುನಿಂತು ಶಾಲೆಯ ನಲ್ಲಿಗೆ ನೀರೇಕೆ ಬಾರದೆಂದು ಕೇಳಿದರೆ, "ನಿನಗೇಕಪ್ಪಾ ಈ ಉಸಾಬರಿ? ಸುಮ್ಮನೆ ಓದಿಕೋ" ಎನ್ನುವವರೂ ನಾವೇ!

ಪ್ರಾಣಾರ್ಪಣವು ನಿತ್ಯದ ಪೌರಧರ್ಮವಲ್ಲ. ನಿತ್ಯದ ಧರ್ಮವು ಅಭ್ಯಾಸದಿಂದ ಬರತಕ್ಕದ್ದು. ಡಾಕ್ಟರ್ ಹರ್ಡೀಕರರು ಇದನ್ನು ಬಲ್ಲವರಾಗಿದ್ದರು. 1923ರಲ್ಲಿ ಅವರು ಕಟ್ಟಿದ ಹಿಂದುಸ್ತಾನಿ ಸೇವಾದಳವು ತರುಣರ ಕೈಗೆ ಕೆಲಸವನ್ನೇ ಒಪ್ಪಿಸಿತು. ಮರುವರ್ಷ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನೆರೆದ ಕಾಂಗ್ರೆಸ್ಸಿನಲ್ಲಿ ಸ್ವಯಂಸೇವಕರ ಸೇವೆಯು ನಾಡಿನ ಮಾನವನ್ನು ಕಾಯಿತು.

ಈಗ ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯನ್ನು ನಡಿಸತಕ್ಕದ್ದೆಂಬ ಏರ್ಪಾಡುಂಟು. ಅಧ್ಯಕ್ಷರ ಮುಂದೆ, ಅಧಿಕಾರಿಗಳ ಮುಂದೆ ಹುಡುಗ ಹುಡುಗಿಯರು ಶಾಲೆಯ ಶೌಚಾಲಯ, ಕುಡಿಯುವ ನೀರು, ದಾರಿ, ಬಸ್ಸು ಇವುಗಳ ಮಾತೆತ್ತಬಹುದು. ಇದಕ್ಕಿಂತ ಉತ್ತಮವಾದ ಪಾಠಶಾಲೆ ಬೇರೊಂದಿಲ್ಲ. ಆದರೆ ಎಷ್ಟೋ ಕಡೆಗೆ ಇದು ಹಾರ, ಭಾಷಣ, ಬಿಸ್ಕೀಟು, ಫೋಟೋಗಳಲ್ಲಿ ಮುಗಿದುಹೋಗುವದು. ಪ್ರಶ್ನೆಯು ಪುಸ್ತಕದಲ್ಲಿ ಮಲಗುವದು. ಮುಂದಿನ ವರ್ಷ ಅದೇ ಪ್ರಶ್ನೆಯನ್ನು ಇನ್ನೊಬ್ಬ ಹುಡುಗನು ಕೇಳುವನು. (ವಕೀಲಿಯಿಂದ ಹೊಟ್ಟೆ ಹೊರೆಯುವ ನಮಗೆ ಉತ್ತರ ಕಾಣದ ಅರ್ಜಿಗಳ ಪರಿಚಯವು ಚೆನ್ನಾಗಿಯೇ ಉಂಟು.) ಮೊದಲನೆಯವನು ಕಲಿತದ್ದೇನು? ಅರ್ಜಿಯೆಂದರೆ ಬರೆದು ಮರೆಯತಕ್ಕ ಕಾಗದವೆಂದು. ಹದಿನಾಲ್ಕರಲ್ಲಿ ಮೂಡಿದ ಈ ತಾತ್ಸಾರವನ್ನು ಇಪ್ಪತ್ತರಲ್ಲಿ ಯಾವ ಉಪನ್ಯಾಸವೂ ಅಳಿಸಲಾರದು. ಮತದಾನದ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿದಿರುವದರಿಂದ, ಕಲಿಕೆಗೆ ಉಳಿದ ಕಾಲವು ಹದಿಹರೆಯವಷ್ಟೇ.

ಬೇಡಿದ್ದೆಲ್ಲವನ್ನೂ ಕೊಡಿರೆಂದು ನಾವು ಹೇಳುವದಿಲ್ಲ. ಹಣವಿಲ್ಲವೆಂಬ ಉತ್ತರವಾದರೂ ಸರಿಯೆ. ಲೆಕ್ಕ ತೋರಿಸಿ ಹೇಳಿದರೆ ಹುಡುಗರು ಅರಿಯಬಲ್ಲರು, ಎಷ್ಟೋ ಸಲ ಹಿರಿಯರಿಗಿಂತ ಬೇಗನೆ ಅರಿಯುವರು. ಅಂಗಳದ ಗಿಡಗಳಿಗೆ ನೀರುಣಿಸುವಂಥ ಕೆಲಸವನ್ನು ಅವರೇ ಹೊತ್ತುಕೊಂಡಾರು. ಉತ್ತರವೇ ಬಾರದಿದ್ದರೆ ಯಾರು ಏನನ್ನು ಹೊತ್ತಾರು?

ಶಿಕ್ಷಕ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಮುಂದಿನ ಸಭೆಗೆ ಮಕ್ಕಳನ್ನು ಕರೆದೊಯ್ಯುವ ಮುನ್ನ ಹೋದ ವರ್ಷದ ನಡವಳಿಯ ಪ್ರತಿಯನ್ನು ತರಿಸಿಕೊಳ್ಳಿರಿ. ಹೊಸ ಬೇಡಿಕೆಯನ್ನು ಮಂಡಿಸುವ ಮೊದಲು ಹಳೆಯದು ಏನಾಯಿತೆಂದು ಆ ಮಕ್ಕಳೇ ಓದಿ ಕೇಳಲಿ.