ಬಿಲ್ಲು ಯಂತ್ರಕ್ಕೆ, ಬರ ಮಾತಿಗೆ

ಸೊಂಟನೋವೆಂದು ಫಿಸಿಯೋಥೆರಪಿಗೆ ಹೋದರೆ ಅನೇಕ ಕಡೆ ಆಗುವುದಿಷ್ಟೇ: ಮಲಗಿಸಿ, ಪ್ಯಾಡ್ ಇಟ್ಟು, ಸ್ವಿಚ್ ಹಾಕಿ ಹೊರಟುಬಿಡುತ್ತಾರೆ. ಸಮಯ ಮುಗಿದಾಗ ಬಂದು ಬಿಚ್ಚುತ್ತಾರೆ. 'ಕರೆಂಟ್ ಕೊಟ್ಟರು' ಎಂದು ನಾವೂ ಹಣ ತೆತ್ತು ಬರುತ್ತೇವೆ.

ನೋವು ಇಳಿಸುವುದು ಕರೆಂಟ್ ಒಂದೇ ಏನು? ಇದೇ ಇಂಟರ್‌ಫರೆನ್ಷಿಯಲ್ ಕರೆಂಟಿನ ಬಗ್ಗೆ ಕೆನಡಾದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಹಳೆಯ ಸೊಂಟನೋವಿನ 117 ಮಂದಿಯಲ್ಲಿ ಕೆಲವರಿಗೆ ನಿಜವಾದ ಕರೆಂಟ್, ಉಳಿದವರಿಗೆ ಬರೀ ತೋರಿಕೆಯದು. ಎರಡೂ ಕಡೆ ಅರ್ಧ ಜನರ ಬಳಿ ಚಿಕಿತ್ಸಕರು ನಿಂತು, ವಿಚಾರಿಸಿ, ಕೇಳಿಸಿಕೊಂಡರು. ಇನ್ನರ್ಧ ಜನರೊಡನೆ ನಾಲ್ಕು ಮಾತಾಡಿ ಹೊರಟರು. 10 ಅಂಕದ ಅಳತೆಯಲ್ಲಿ ಬರೀ ಕರೆಂಟ್ ಪಡೆದವರ ನೋವು 1.83ರಷ್ಟು ಇಳಿಯಿತು. ತೋರಿಕೆಯ ಕರೆಂಟಿನ ಜೊತೆ ಆತ್ಮೀಯ ಮಾತು ಸಿಕ್ಕವರಿಗೆ 2.22! ಕರೆಂಟೂ ಮಾತೂ ಎರಡೂ ಸಿಕ್ಕವರಿಗೆ 3.13.

ಇದು ಚಿಕಿತ್ಸೆಯ ಮುಗಿದೊಡನೆ ಅಳೆದ ಶಮನ, ನಿಜ. ಮುರಿದ ಮೂಳೆಯನ್ನು ಮಾತು ಕೂಡಿಸದು. ಆದರೆ ಹೆಚ್ಚು ಫಲ ಕೊಟ್ಟದ್ದನ್ನೇ ಕೈಬಿಟ್ಟು ಯಂತ್ರಕ್ಕೆ ಮಾತ್ರ ಬಿಲ್ಲು ಮಾಡುವುದು ಯಾವ ನ್ಯಾಯ?

'ಪ್ಲಾಸಿಬೋದಿಂದ ಇಳಿಯಿತೆಂದರೆ ಆ ನೋವೇ ಸುಳ್ಳು' ಎನ್ನುವವರಿದ್ದಾರೆ. ಬೀಡಿ ಕಟ್ಟುವ ಹೆಂಗಸಿನ ಕುತ್ತಿಗೆನೋವನ್ನು, ಹಮಾಲಿಯ ಬೆನ್ನುನೋವನ್ನು ನಾಟಕವೆಂದು ತಳ್ಳಿಹಾಕಲು ಇದೊಂದು ನೆಪ. 1978ರಲ್ಲಿ ಹಲ್ಲು ಕೀಳಿಸಿಕೊಂಡವರ ಮೇಲೆ ನಡೆದ ಪ್ರಯೋಗದಲ್ಲಿ, ಪ್ಲಾಸಿಬೋದಿಂದ ನೆಮ್ಮದಿ ಕಂಡವರಿಗೆ ನಾಲೊಕ್ಸೋನ್ ಕೊಟ್ಟಾಗ ನೋವು ಹೆಚ್ಚಿತು. ನಾಲೊಕ್ಸೋನ್ ಅಫೀಮಿನ ಜಾತಿಯ ಮದ್ದುಗಳನ್ನು ತಡೆಯುವಂಥದು. ಅಂದರೆ ಭರವಸೆ ಸಿಕ್ಕಾಗ ದೇಹವೇ ತನ್ನ ನೋವುನಿವಾರಕವನ್ನು ಸುರಿಸುತ್ತದೆ. ನೋವೂ ನಿಜ, ಶಮನವೂ ನಿಜ.

ಹಾಗಾದರೆ ಆಫ್ ಮಾಡಿದ ಯಂತ್ರ ತೋರಿಸಿ ಹಣ ಕೀಳಬಹುದೇ? ಖಂಡಿತ ಕೂಡದು. ಮೋಸ ಬೇಕಾಗಿಯೂ ಇಲ್ಲ. ಲಿಸ್ಬನ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 'ಈ ಗುಳಿಗೆಯಲ್ಲಿ ಔಷಧವಿಲ್ಲ' ಎಂದು ತಿಳಿಸಿಯೇ ಕೊಟ್ಟರೂ ಸೊಂಟನೋವು ತಗ್ಗಿತ್ತು.

'ಸಮಯವೆಲ್ಲಿದೆ?' ಎನ್ನುತ್ತಾರೆ. ಒಬ್ಬ ಚಿಕಿತ್ಸಕರ ಕೈಗೆ ಏಕಕಾಲಕ್ಕೆ ನಾಲ್ಕು ಮಂಚ ಒಪ್ಪಿಸಿದರೆ ಸಮಯ ಎಲ್ಲಿಂದ ಬರಬೇಕು? ನಮ್ಮ ಸಿಟ್ಟು ಆ ಚಿಕಿತ್ಸಕರ ಮೇಲಲ್ಲ, ಅವರ ಸಮಯ ಕಸಿದು ಯಂತ್ರ ತುಂಬಿಸಿದವರ ಮೇಲೆ. ನೋವು ಹೇಗೆ ಬಂತು, ಕೆಲಸವೇನು, ಮನೆಯಲ್ಲಿ ಯಾವ ವ್ಯಾಯಾಮ ಮಾಡಬೇಕು ಎಂದು ಕೂತು ಮಾತಾಡುವುದಕ್ಕೂ ಶುಲ್ಕವಿರಲಿ, ಸಂತೋಷದಿಂದ ಕೊಡೋಣ. ಆ ಮಾತಿಲ್ಲದೆ ಬರೀ ಸ್ವಿಚ್ ಹಾಕಿದ್ದಕ್ಕೆ ಬಿಲ್ಲು ಬಂದರೆ, ಕೊಡುವ ಮೊದಲು ಲೆಕ್ಕ ಕೇಳೋಣ.